ಸ್ವಂತ ದುಡಿಮೆಯವರೂ ಆರೋಗ್ಯ ವಿಮೆಯೂ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಎರಡು ಬಗೆ. ತಿಂಗಳ ಕೊನೆಗೆ ಸಂಬಳ ಎಣಿಸುವವರು ಒಂದು ಬಗೆ. ದಿನದ ಕೊನೆಗೆ ಗಲ್ಲಾಪೆಟ್ಟಿಗೆ ಎಣಿಸುವವರು ಇನ್ನೊಂದು ಬಗೆ. ಹೋಟೆಲು ನಡೆಸುವವರು, ಹೊಲಿಗೆಯಂತ್ರದ ಮುಂದೆ ಕುಳಿತವರು, ರಿಕ್ಷಾ ಓಡಿಸುವವರು, ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವ ತಾಯಂದಿರು ಎಲ್ಲರೂ ಎರಡನೆಯ ಬಗೆಗೆ ಸೇರಿದವರು. ಸಂಬಳದವನು ಕಾಯಿಲೆ ಬಿದ್ದರೆ ರಜೆಯ ಅರ್ಜಿ ಕಳುಹಿಸುತ್ತಾನೆ. ಅಂಗಡಿಯವನು ಕಾಯಿಲೆ ಬಿದ್ದರೆ ಅಂಗಡಿಯ ಬಾಗಿಲೇ ಬೀಳುತ್ತದೆ. ವರಮಾನ ನಿಂತ ದಿನವೇ ಖರ್ಚು ಮೊದಲಾಗುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನಾವು ಇದರ ಫಲವನ್ನು ಮೇಲಿಂದ ಮೇಲೆ ಕಾಣುತ್ತೇವೆ. ಮಗಳ ಮದುವೆಗೆಂದು ಇಟ್ಟ ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಲು ಬರುವವರುಂಟು. ಬಳೆ, ಸರ ಅಡವಿಟ್ಟು ಸಾಲ ಕೇಳುವವರುಂಟು. ಕಾರಣ ಕೇಳಿದರೆ ‘ಆಸ್ಪತ್ರೆ’ ಎಂಬ ಒಂದೇ ಮಾತು.

1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವ್ಯವಸ್ಥೆ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದು ಕೂಲಿ ಸಂಬಳದವರಿಗೆ. ಕೆಲಸಗಾರನ ಸಂಬಳದ ಮೇಲೆ ನೂರಕ್ಕೆ 3.25ರಂತೆ ಮಾಲೀಕ ತನ್ನ ಪಾಲು ಕಟ್ಟುತ್ತಾನೆ, ಕೆಲಸಗಾರ 0.75ರಂತೆ ಕಟ್ಟುತ್ತಾನೆ. ಕೆಲಸಗಾರನಿಗೆ ಔಷಧೋಪಚಾರ ದೊರೆಯುತ್ತದೆ. ಹಣ ಕಟ್ಟಿದ ಮಾಲೀಕನಿಗೆ ಅಲ್ಲಿ ಜಾಗವಿಲ್ಲ. ಅವನ ದಾರಿಯನ್ನು ಅವನೇ ಹುಡುಕಿಕೊಳ್ಳಬೇಕು.

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವಿಮೆಯೆಂದರೆ ಇದೇ. ನಮ್ಮ ದೇಶದಲ್ಲಿ ಸರಕಾರಿ ವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದದ್ದು 1986ರಲ್ಲಿ. ಇಂದು ಕಂಪನಿಗಳೂ ಹಲವು, ಪಾಲಿಸಿಗಳೂ ಹಲವು, ಆರಿಸುವುದೇ ಕಷ್ಟ. ಈ ಗೊಂದಲ ತಗ್ಗಲೆಂದು 2020ರಲ್ಲಿ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿ ಬಂದಿತು. ಯಾವ ಕಂಪನಿಯಲ್ಲಿ ಕೊಂಡರೂ ಅದರ ಷರತ್ತುಗಳು ಒಂದೇ. ಕಂತು ಮಾತ್ರ ಬೇರೆ ಬೇರೆ. ಮೊದಲು ಇದನ್ನು ಓದಿದರೆ ಉಳಿದವನ್ನು ಅಳೆಯಲು ಒಂದು ಅಳತೆಗೋಲು ಸಿಕ್ಕಂತಾಗುತ್ತದೆ. ವೈಯಕ್ತಿಕ ಪಾಲಿಸಿಯ ಕಂತಿನ ಮೇಲಿದ್ದ ನೂರಕ್ಕೆ 18ರ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ.

ಮೂರು ಮಾತುಗಳನ್ನು ತಾವು ಗಂಟುಹಾಕಿಟ್ಟುಕೊಳ್ಳಬೇಕು.

ಮೊದಲನೆಯದು, ಕಾಲ. ಪಾಲಿಸಿ ಕೊಂಡ ಮರುದಿನವೇ ಎಲ್ಲ ಕಾಯಿಲೆಗೂ ಹಣ ಬಾರದು. ಅಪಘಾತವನ್ನು ಬಿಟ್ಟು ಉಳಿದವಕ್ಕೆ ಮೊದಲ 30 ದಿನ ಕಾಯಬೇಕು. ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ 2024ರ ನಿಯಮದಂತೆ ಹೆಚ್ಚೆಂದರೆ 36 ತಿಂಗಳು. ಮೂವತ್ತೈದರಲ್ಲಿ ಸೇರಿದವನಿಗೆ ಈ ಕಾಲ ತಿಳಿಯದೆ ಕಳೆಯುತ್ತದೆ. ಐವತ್ತೈದರಲ್ಲಿ ಸೇರಿದವನಿಗೆ ಒಂದೊಂದು ತಿಂಗಳೂ ಒಂದೊಂದು ವರ್ಷ. ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಎರಡನೆಯದು, ಸತ್ಯ. ಅರ್ಜಿಯನ್ನು ಏಜೆಂಟನು ತುಂಬುತ್ತಾನೆ. ಕಾಯಿಲೆಯ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಬರೆಯುತ್ತಾನೆ. ನಮ್ಮವರು ಗಿರಾಕಿಗಳ ಗದ್ದಲದ ನಡುವೆ ಓದದೆ ಸಹಿ ಹಾಕುತ್ತಾರೆ. ಮುಂದೆ ಆಸ್ಪತ್ರೆಯ ಕಾಗದದಲ್ಲಿ ‘ಎಂಟು ವರ್ಷದಿಂದ ಸಕ್ಕರೆ ಕಾಯಿಲೆ’ ಎಂದು ಕಂಡರೆ ಕಂಪನಿ ಕೈಚೆಲ್ಲುತ್ತದೆ. ಸತತವಾಗಿ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ರುಜುವಾದ ಹೊರತು, ಇಂಥ ಕಾರಣ ಒಡ್ಡುವಂತಿಲ್ಲ ಎಂಬ ನಿಯಮವಿದೆ. ಆದರೆ ಕಾಯಿಲೆ ಐದು ವರ್ಷ ಕಾಯುವುದೆಂದು ಯಾರು ಹೇಳಬಲ್ಲರು? ನಿಜ ಬರೆದರೆ ಕಂತು ತುಸು ಹೆಚ್ಚಾದೀತು. ಕಟ್ಟಿದ ಹಣ ನೀರುಪಾಲಾಗದು.

ಮೂರನೆಯದು, ಕೋಣೆಯ ಬಾಡಿಗೆ. 3 ಲಕ್ಷದ ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ 3,000 ರೂಪಾಯಿ ಮಿತಿಯೆಂದು ಇಟ್ಟುಕೊಳ್ಳಿ. ನಾವು 6,000ದ ಕೋಣೆ ಹಿಡಿದರೆ ಕೈಬಿಡುವುದು ಆ ವ್ಯತ್ಯಾಸ ಮಾತ್ರವಲ್ಲ. ಇಂಥ ಪಾಲಿಸಿಗಳಲ್ಲಿ ವೈದ್ಯರ ಶುಲ್ಕದಂಥ ಇತರ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಸುವುದುಂಟು. 80,000ದ ಶುಲ್ಕಕ್ಕೆ 40,000 ಬಂದೀತು. ಆದಕಾರಣ ಕೋಣೆ ಹಿಡಿಯುವ ಮೊದಲು ಪಾಲಿಸಿ ನೋಡಬೇಕು.

ಊರಿನಿಂದ ಕರೆತಂದ ತಂದೆತಾಯಿಗಳ ಚಿಂತೆ ನಮ್ಮಲ್ಲಿ ಅನೇಕರದು. 2024ರ ಅಕ್ಟೋಬರಿನಿಂದ 70 ತುಂಬಿದ ಎಲ್ಲರಿಗೂ, ವರಮಾನ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಆಧಾರ್ ಚೀಟಿಯಿಂದ ಕಾರ್ಡು ಮಾಡಿಸಿಡುವುದು ಮಕ್ಕಳ ಹೊಣೆ. ಆಸ್ಪತ್ರೆ ಆ ಯೋಜನೆಗೆ ಸೇರಿದ್ದೇ ಎಂದು ಮೊದಲು ವಿಚಾರಿಸಬೇಕು.

ಕಂಪನಿ ಅನ್ಯಾಯವಾಗಿ ಹಣ ನಿರಾಕರಿಸಿದರೆ ಸುಮ್ಮನಾಗಬಾರದು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ, ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಮುಂಬಯಿಯಲ್ಲೇ ಅದು ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಬಂಧುಗಳೇ, ಈ ಪಾಲಿಸಿಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಅದೂ ವಕೀಲರ ಇಂಗ್ಲಿಷು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಇದೇ ನಗರದ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದವು. ಆ ಹುಡುಗರೇ ಮುಂದೆ ಮಾಲೀಕರಾದರು. ಇಂದು ಅವರಿಗೂ ಅವರ ಮಕ್ಕಳಿಗೂ ಬೇಕಾಗಿರುವುದು ಇನ್ನೊಂದು ಬಗೆಯ ಓದು. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಬಲ್ಲವರು ಕುಳಿತು ಸದಸ್ಯರ ಅರ್ಜಿಗಳನ್ನೂ ಪಾಲಿಸಿಗಳನ್ನೂ ಕನ್ನಡದಲ್ಲಿ ಓದಿ ಹೇಳಬಾರದೇಕೆ? ಬ್ಯಾಂಕಿನಲ್ಲಿ, ವಿಮಾ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ದುಡಿಯುವ ನಾವು ಎರಡೆರಡು ಗಂಟೆ ಕೊಟ್ಟರೆ ಸಾಕು. ರಾಜ್ಯೋತ್ಸವದ ದಿನ ಬಾವುಟ ಏರಿಸುವುದು ನಮ್ಮ ಸಂತೋಷ. ಕನ್ನಡದ ಒಂದು ಮನೆ ಆಸ್ಪತ್ರೆಯ ಸಾಲದಲ್ಲಿ ಮುಳುಗದಂತೆ ನೋಡಿಕೊಳ್ಳುವುದೂ ಕನ್ನಡದ ಸೇವೆಯೇ ಎಂದು ಅರಿಕೆ ಮಾಡಿ ನಮ್ಮ ಮಾತು ಮುಗಿಸುತ್ತೇವೆ.