ಖಾಡಿಯ ಗುರುತು, ಬಟ್ಟೆಯ ನಕ್ಷೆ
(ಬೇಲಾಪುರದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಚಿತ್ರ ಬರೆಯುವ ವಿಷಯ ಹೇಳಲು ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿದವನನ್ನು ಕರೆದಿದ್ದೀರಿ. ನಗುವವರು ನಗಲಿ. 1982ರ ಜನವರಿ 18ರಂದು ಮುಷ್ಕರ ಹೂಡುವವರೆಗೆ ನಾನು ಗಜಗಟ್ಟಲೆ ಬಟ್ಟೆ ಇಳಿಸಿದವನು. ಅದರ ಮೇಲೆ ಯಾವ ಹೂ, ಯಾವ ಗೆರೆ ಬರಬೇಕೆಂದು ಒಂದು ದಿನವೂ ಯಾರೂ ನನ್ನನ್ನು ಕೇಳಲಿಲ್ಲ. ನಕ್ಷೆ ಬರೆಯುವ ಕೋಣೆಯೊಳಗೆ ಒಮ್ಮೆ ಇಣುಕಿ ಜಾಬರನಿಂದ ಬೈಸಿಕೊಂಡದ್ದುಂಟು. ಗಿರಣಿ ಹೋಯಿತು, ಆ ಬಾಗಿಲು ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಮುಚ್ಚಿಯೇ ಇದೆ.

ಇಲ್ಲೇ ನೆರೆಯ ಖಾರ್ಘರಿನಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಮುಂಬಯಿ ಶಾಖೆಯಿದೆ. ಅಲ್ಲಿ ವಿನ್ಯಾಸ ಕಲಿಯಬೇಕಾದರೆ ಕೈಯಿಂದ ಬರೆದು ತೋರಿಸುವ ಪರೀಕ್ಷೆಯುಂಟು. ನಮ್ಮ ಮಕ್ಕಳು ಏಕೆ ಬರೆಯಬಾರದು? "ನಮಗೆ ಕೈ ಬರುವುದಿಲ್ಲ ಮಾಮ" ಎನ್ನುತ್ತಾರೆ. ಧಾರವಾಡದ ಕಡೆಯ ನಮ್ಮ ತಾಯಂದಿರು ಯಾವ ಶಾಲೆಗೆ ಹೋಗಿದ್ದರು? ಊರ ಗೋಪುರ, ತೇರು, ಅಂಗಳದ ತುಳಸಿ ವೃಂದಾವನ, ಇವನ್ನೆಲ್ಲ ಎಳೆ ಎಣಿಸಿಯೇ ಕಸೂತಿಯಲ್ಲಿ ಇಳಿಸಿದರು. ಅವರು ಕಣ್ಣೆದುರಿನದನ್ನು ಹಾಕಿದರು. ನಮ್ಮ ಕಣ್ಣೆದುರಿಗೆ ಖಾಡಿಯಿದೆ.

ನೀರು ಇಳಿದಾಗ ದಿವಾಳೆ ಕೋಲಿವಾಡದ ಧಕ್ಕೆಯ ಬಳಿ ನಿಂತು ನೋಡಿ. ಕೆಸರಿನಲ್ಲಿ ನೀರು ಹರಿದ ಕವಲುಗೆರೆ, ಏಡಿಯ ತೂತು, ಕಾಂಡ್ಲಾ ಗಿಡದ ಉಸಿರುಬೇರು ಪೆನ್ಸಿಲು ನೆಟ್ಟಂತೆ ಸಾಲುಗಟ್ಟಿರುವುದು, ದೋಣಿಯ ಹಗ್ಗ ಎಳೆದ ಜಾಡು. ಚಳಿಗಾಲದಲ್ಲಿ ಠಾಣೆ ಖಾಡಿಗೆ ಬರುವ ರಾಜಹಂಸವನ್ನು ಇದ್ದಂತೆಯೇ ಬರೆದು ಸೀರೆಗೆ ಅಂಟಿಸುವುದು ಸುಲಭ. ಅಂಗಡಿಗಳಲ್ಲಿ ಅಂಥವು ಬೇಕಾದಷ್ಟಿವೆ. ನನಗೆ ಬೇಕಾದದ್ದು ಅದು ನಡೆದುಹೋದ ಗುರುತು.

ಗುರುತು ಮಾಡಲು ಕುಂಚವೇ ಬೇಕೆಂದಿಲ್ಲ. ತೆಂಗಿನ ನಾರನ್ನು ಮಸಿಯಲ್ಲಿ ಅದ್ದಿ ಎಳೆದರೆ ಇಳಿತದ ನೀರು; ಬಲೆಯ ತುಂಡಿಗೆ ಬಣ್ಣ ಹಚ್ಚಿ ಒತ್ತಿದರೆ ಚೌಕಳಿ; ಹಳೆಯ ಬಾಚಣಿಗೆಯಿಂದ ಅಲೆ. ಇಪ್ಪತ್ತು ಹಾಳೆ ಕೆಡಿಸಿ, ಒಂದನ್ನು ಆರಿಸಿ. ಈಗ ಗಿರಣಿಯ ಗುಟ್ಟು ಕೇಳಿ. ಆ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ನಡುವೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಅಂಟಿಸಿ. ನಡುವೆ ಗೆರೆ ಕೂಡದ ಕಡೆ ಬರೆದು ಕೂಡಿಸಿ. ಅಡ್ಡಕ್ಕೂ ಹೀಗೆಯೇ ಮಾಡಿ. ಆಮೇಲೆ ಆ ನಕ್ಷೆಯನ್ನು ಒಂದರ ಪಕ್ಕ ಒಂದಿಟ್ಟು ಎಷ್ಟು ಗಜ ಒತ್ತಿದರೂ ಕೂಡುಗೆರೆ ಕಾಣುವುದಿಲ್ಲ. ಬಣ್ಣವನ್ನು ಮಾತ್ರ ಜಿಪುಣರಂತೆ ಬಳಸಿ: ಸ್ಕ್ರೀನಿನಲ್ಲಿ ಒತ್ತುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಬೇಕು, ಒಂದೊಂದಕ್ಕೂ ದುಡ್ಡು.

ಇನ್ನು, ಬಟ್ಟೆ ಮೈಮೇಲೆ ಬರಬೇಕಲ್ಲ. ದೊಡ್ಡ ಅಲೆಯನ್ನು ಸೀರೆಯ ತುಂಬ ಹಾಕಿದರೆ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಅದರ ಜಾಗ ಸೆರಗು. ಏಡಿಯ ತೂತಿನಂಥ ಚಿಕ್ಕ ಚುಕ್ಕೆ ನೆರಿಗೆಗೆ ಚೆಂದ. ಇದು ತಿಳಿಯಬೇಕಾದರೆ ಉಟ್ಟ ಮನುಷ್ಯರನ್ನು ಬರೆಯಬೇಕು. ಫ್ಯಾಷನ್ ಚಿತ್ರದವರು ಆಳಿನ ಎತ್ತರವನ್ನು ಒಂಬತ್ತು ತಲೆಯಷ್ಟು ಎಳೆಯುತ್ತಾರೆ. ನಿಜವಾದ ಮನುಷ್ಯ ಏಳೂವರೆ ತಲೆಯವನು. ಮೀನುಬುಟ್ಟಿ ಹೊತ್ತ ಹೆಂಗಸನ್ನು ಒಂಬತ್ತು ತಲೆಗೆ ಎಳೆದರೆ ಬುಟ್ಟಿ ಬಿದ್ದೀತು! ಉಡುಪಿಯ ಹತ್ತಿರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನಾಲ್ಕೇ ಗೆರೆಯಲ್ಲಿ ಆಳು ನಡೆಯುತ್ತಾನೆ, ಬಟ್ಟೆ ಹಾರುತ್ತದೆ.

ಬರುವ ಭಾನುವಾರ ನೀರು ಇಳಿಯುವ ಹೊತ್ತಿಗೆ ಧಕ್ಕೆಯ ಬಳಿ ಸೇರೋಣ. ಹೊಟೇಲಿನವರು ಪಾತ್ರೆ ತಿಕ್ಕುವ ನಾರು ತನ್ನಿ. ಮಸಿ, ಕಾಗದ ನಾನು ತರುತ್ತೇನೆ. ಒಣಹಾಕಿದ ಬಲೆಯನ್ನು ಮಾತ್ರ ಯಾರೂ ತುಳಿಯಬೇಡಿ. ಹರಿದ ತುಂಡು ಕೇಳಿದರೆ ಕೋಲಿ ಅಕ್ಕಂದಿರು ಕೊಡುತ್ತಾರೆ.