ಎಲ್ಲ ಪಾಠಗಳಲ್ಲೂ ವಾಯುಗುಣದ ಅರಿವು

(ಮುಂಬಯಿಯ ಜೋಗೇಶ್ವರಿಯಲ್ಲಿ ನೆರೆದ ಕನ್ನಡ ಶಿಕ್ಷಕರು ಹಾಗೂ ಪಾಲಕರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ವಾಯುಗುಣ ಬದಲಾವಣೆಯನ್ನು ಪ್ರೌಢಶಾಲೆಗಳಲ್ಲಿ ಬೋಧಿಸಬೇಕೆ, ಬೇಡವೆ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಎಂ.ಸಿ. ಮೆಹ್ತಾ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು, ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಹಂತಹಂತವಾಗಿ ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಪರಿಸರದ ಅರಿವು ಎಲ್ಲ ವಿಷಯಗಳ ಬೋಧನೆಯಲ್ಲಿ ಬೆರೆತಿರಬೇಕೆಂದು ಸೂಚಿಸಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯವು 2022ರ ಶೈಕ್ಷಣಿಕ ವರ್ಷದಿಂದ ಹಲವು ವಿಷಯಗಳ ಪಾಠಗಳಲ್ಲಿ ಇದನ್ನು ಅಳವಡಿಸಿದೆ. ಹೇಗೆ ಬೋಧಿಸಬೇಕು ಎಂಬುದೊಂದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕಾಗಿ ಇನ್ನೊಂದು ಪುಸ್ತಕ, ಇನ್ನೊಂದು ಅವಧಿ, ಇನ್ನೊಂದು ಪರೀಕ್ಷೆ ಅಗತ್ಯವಿಲ್ಲವೆಂಬುದು ನನ್ನ ವಿನಮ್ರ ಅಭಿಪ್ರಾಯ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ವಿಷಯವನ್ನೇ ಬೋಧಿಸಲಿ. ಉದಾಹರಣೆಗಳನ್ನು ಮಾತ್ರ ತಾವು ವಾಸಿಸುವ ನೆಲದಿಂದ ಆರಿಸಿಕೊಳ್ಳಲಿ. ಜೋಗೇಶ್ವರಿಯಂಥ ಉಪನಗರದಲ್ಲಿ ಅಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಪೂರ್ವಕ್ಕೆ ಆರೆಯ ಗುಡ್ಡಗಳು, ಪಶ್ಚಿಮಕ್ಕೆ ಮಾಲಾಡ್ ಖಾಡಿ, ನಡುವೆ ಹರಿಯುವ ಓಶಿವರಾ ನದಿ. ಗುಡ್ಡದ ಇಳಿಜಾರಿನಲ್ಲಿಯೂ ತಗ್ಗು ನೆಲದಲ್ಲಿಯೂ ಇರುವ ಚಾಳುಗಳ ಮಕ್ಕಳಿಗೆ ಮಳೆಗಾಲವೆಂದರೆ ಪುಸ್ತಕದ ವಿಷಯ ಮಾತ್ರವಲ್ಲ.

2005ರ ಜುಲೈ 26ರ ಮಳೆಯನ್ನು ಇಲ್ಲಿರುವ ಹಿರಿಯರಾರೂ ಮರೆತಿರಲಾರರು. ಅಂದು ಬೆಳಗ್ಗೆ 8.30ರಿಂದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಇದೇ ನಗರದ ಕೊಲಾಬಾದಲ್ಲಿ ಸುರಿದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಈ ಒಂದು ದಿನವನ್ನು ಹಿಡಿದು ಎಷ್ಟು ವಿಷಯಗಳ ಪಾಠ ಸಾಧ್ಯವೆಂಬುದನ್ನು ಪರಿಶೀಲಿಸೋಣ.

ಗಣಿತದಿಂದ ಆರಂಭಿಸಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಹತ್ತು ಚದರ ಮೀಟರಿನ ಒಂದು ಕೋಣೆಯ ಸೂರಿನ ಮೇಲೆ ಅಂದು 9,440 ಲೀಟರ್ ನೀರು ಬಿದ್ದಿತೆಂದು ವಿದ್ಯಾರ್ಥಿಯೇ ಲೆಕ್ಕ ಹಾಕಬಲ್ಲನು. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಸಾಗಿಸುವಂತೆ ರಚಿತವಾದವು ಎಂಬ ಸಂಗತಿಯನ್ನು ಇದರ ಪಕ್ಕದಲ್ಲಿರಿಸಿದರೆ, ನೀರು ಏಕೆ ನಿಂತಿತೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ವಿಜ್ಞಾನದ ಶಿಕ್ಷಕರು ಇದರ ಹಿಂದಿನ ಕಾರಣಗಳನ್ನು ವಿವರಿಸಬಹುದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಕಲ್ಲಿದ್ದಲು ಮತ್ತು ತೈಲದ ದಹನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಹವಾಯಿ ದ್ವೀಪದ ಮೌನಾ ಲೋವಾ ವೀಕ್ಷಣಾಲಯದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಈ ಅನಿಲದ ಪ್ರಮಾಣ ಗಾಳಿಯ ಪ್ರತಿ ದಶಲಕ್ಷ ಭಾಗಗಳಲ್ಲಿ ಸುಮಾರು 315 ಭಾಗಗಳಷ್ಟಿತ್ತು. 2024ರಲ್ಲಿ ಅದು 420ನ್ನು ಮೀರಿತ್ತು. ಆದರೆ 944 ಮಿಲಿಮೀಟರ್ ಮಳೆಗೆ ವಾಯುಗುಣ ಬದಲಾವಣೆಯೊಂದೇ ಕಾರಣವೆಂದು ಮಕ್ಕಳಿಗೆ ಹೇಳಬಾರದು. ಯಾವುದೇ ಒಂದು ದಿನದ ಮಳೆಗೆ ಅನೇಕ ಕಾರಣಗಳಿರುತ್ತವೆ. ಭೂಮಿ ಬಿಸಿಯಾದಂತೆ ಅತಿವೃಷ್ಟಿಯ ದಿನಗಳ ಸಂಭವ ಹೆಚ್ಚುತ್ತದೆ ಎಂಬುದಷ್ಟೇ ವಿಜ್ಞಾನದ ಮಾತು. ಈ ಎಚ್ಚರವನ್ನು ಕಲಿಸುವುದೂ ವಿಜ್ಞಾನದ ಪಾಠವೇ.

ಇನ್ನುಳಿದ ಕಾರಣಗಳು ಭೂಗೋಳದ ಪಾಠಕ್ಕೆ ಸೇರುತ್ತವೆ. ಖಾಡಿಯ ಅಂಚನ್ನು ತುಂಬಿ ಕಟ್ಟಡಗಳನ್ನು ಎಬ್ಬಿಸಲಾಯಿತು. ನದಿಗಳ ಪಾತ್ರ ಕಿರಿದಾಯಿತು. ನಮ್ಮ ಕರಾವಳಿಯವರು ಕಾಂಡ್ಲಾ ಎಂದು ಕರೆಯುವ ಗಿಡಗಳು ಹಲವೆಡೆ ನಾಶವಾದವು. ಭರತದ ವೇಳೆ ಸಮುದ್ರದ ಮಟ್ಟ ಏರಿದಾಗ ಮಳೆಯ ನೀರು ಹೊರಹೋಗಲಾರದೆ ಹಿಮ್ಮೆಟ್ಟುತ್ತದೆ. ಒಂದು ನಕ್ಷೆಯ ಮೇಲೆ ಓಶಿವರಾ ನದಿಯನ್ನು ಆರೆಯಿಂದ ಖಾಡಿಯ ವರೆಗೆ ಗುರುತಿಸಿದ ವಿದ್ಯಾರ್ಥಿಗೆ ಈ ಪಾಠ ಮರೆಯುವುದಿಲ್ಲ.

ಇತಿಹಾಸದ ಶಿಕ್ಷಕರಿಗೆ ಹತ್ತಿರದಲ್ಲಿಯೇ ಕನ್ಹೇರಿ ಗುಹೆಗಳಿವೆ. ಅಲ್ಲಿಯ ಬೌದ್ಧ ಭಿಕ್ಷುಗಳು ಬಂಡೆಯಲ್ಲಿಯೇ ಕಾಲುವೆಗಳನ್ನೂ ತೊಟ್ಟಿಗಳನ್ನೂ ಕೊರೆದು ಮಳೆನೀರನ್ನು ಸಂಗ್ರಹಿಸಿಕೊಂಡಿದ್ದರು. ಪೌರನೀತಿಯ ಪಾಠದಲ್ಲಿ ನ್ಯಾಯದ ಪ್ರಶ್ನೆಯನ್ನು ಚರ್ಚಿಸಬಹುದು. ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್. ಅಮೆರಿಕದ ಪ್ರಜೆಯದು ಅದರ ಸುಮಾರು ಏಳು ಪಟ್ಟು. ಹೊಗೆಯುಗುಳುವವರು ಒಬ್ಬರು, ನೀರಿನಲ್ಲಿ ನಿಲ್ಲುವವರು ಇನ್ನೊಬ್ಬರು. ಈ ಅಂತರವೇ 1992ರ ರಿಯೋ ಸಮ್ಮೇಳನದಿಂದ 2015ರ ಪ್ಯಾರಿಸ್ ಒಪ್ಪಂದದ ವರೆಗಿನ ಮಾತುಕತೆಗಳ ತಿರುಳು.

ಕನ್ನಡ ಪಾಠಕ್ಕೆ ಇದರಲ್ಲಿ ಸ್ಥಾನವೆಲ್ಲಿ ಎಂದು ಕೆಲವರು ಕೇಳಬಹುದು. ಅನುವಾದವೇ ವೃತ್ತಿಯಾಗಿರುವ ನನಗೆ ಇದು ಮಹತ್ವದ ಸಂಗತಿಯಾಗಿ ತೋರುತ್ತದೆ. ಇಂದಿನ ಮಳೆ, ನಾಳಿನ ಬಿಸಿಲು ಇವು ಹವಾಮಾನ. ಹಲವು ದಶಕಗಳ ಹವಾಮಾನದ ಸರಾಸರಿ ಸ್ವರೂಪವೇ ವಾಯುಗುಣ. ನಾವು ಎರಡಕ್ಕೂ ‘ಹವಾಮಾನ’ವೆಂಬ ಒಂದೇ ಪದವನ್ನು ಬಳಸಿದರೆ, ಚಳಿ ಹೆಚ್ಚಿದ ದಿನ ‘ಭೂಮಿ ಎಲ್ಲಿ ಬಿಸಿಯಾಗಿದೆ?’ ಎಂದು ಮಗು ಕೇಳುವುದು ಸಹಜ. ಆರಿದ್ರಾ, ಪುಷ್ಯ, ಆಶ್ಲೇಷ ಎಂದು ಮಳೆಗಳನ್ನು ಹೆಸರಿಟ್ಟು ಎಣಿಸಿದ ನಮ್ಮ ರೈತರಿಗೆ ಈ ಭೇದ ತಿಳಿದಿತ್ತು. ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು, ಆ ಮಳೆಗಳು ಈಗಲೂ ಹೊತ್ತಿಗೆ ಸರಿಯಾಗಿ ಬರುತ್ತಿವೆಯೇ ಎಂದು ಕೇಳಿ ಪ್ರಬಂಧ ಬರೆಯುವಂತೆ ಮಕ್ಕಳಿಗೆ ಸೂಚಿಸಬಹುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಂಥ ಕಾದಂಬರಿಯನ್ನು ಕಡಲತೀರದ ಬದುಕಿನ ದಾಖಲೆಯಾಗಿಯೂ ಓದಿಸಬಹುದು.

ಪಠ್ಯವನ್ನು ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆ ಸಮಯವೆಲ್ಲಿದೆ ಎಂಬ ಶಿಕ್ಷಕರ ಆಕ್ಷೇಪ ನ್ಯಾಯವಾದುದೇ. ಆದರೆ ಇಲ್ಲಿ ಹೊಸ ಪಾಠವನ್ನು ಸೇರಿಸುವ ಮಾತಿಲ್ಲ. ಶೇಕಡಾವಾರು ಲೆಕ್ಕ, ನಕ್ಷೆಯ ಓದು, ಪ್ರಬಂಧ ರಚನೆ ಇವೆಲ್ಲ ಪಠ್ಯದಲ್ಲಿ ಈಗಾಗಲೇ ಇವೆ. ವರ್ಷಾರಂಭದಲ್ಲಿ ಶಿಕ್ಷಕರೆಲ್ಲರೂ ಒಮ್ಮೆ ಕೂಡಿ, ಯಾವ ತಿಂಗಳಲ್ಲಿ ಯಾರು ಯಾವ ಉದಾಹರಣೆಯನ್ನು ಬಳಸುವರೆಂದು ನಿರ್ಧರಿಸಿದರೆ ಸಾಕು.

ಕೊನೆಯದಾಗಿ ಒಂದು ಮುಖ್ಯ ಸೂಚನೆ. ವಿಪತ್ತನ್ನು ಮಾತ್ರ ಬೋಧಿಸಿ ಪರಿಹಾರವನ್ನು ಬಿಟ್ಟರೆ ಮಕ್ಕಳಲ್ಲಿ ಉಳಿಯುವುದು ಭಯವೊಂದೇ. ಪರಿಹಾರಗಳಿಗೂ ಲೆಕ್ಕವಿದೆ. ಇನ್ನೂರು ಚದರ ಮೀಟರಿನ ಶಾಲೆಯ ಛಾವಣಿಯ ಮೇಲೆ 2,000 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರಾಗುತ್ತದೆ. ಅದರ ಒಂದಂಶವನ್ನಾದರೂ ಹಿಡಿಯಬಹುದು. 75 ವ್ಯಾಟಿನ ಹಳೆಯ ಪಂಖಾದ ಬದಲು 30 ವ್ಯಾಟಿನ ಹೊಸ ಪಂಖಾವನ್ನು ದಿನಕ್ಕೆ 12 ಗಂಟೆಗಳಂತೆ 300 ದಿನ ಬಳಸಿದರೆ 162 ಯೂನಿಟ್ ವಿದ್ಯುತ್ತು ಉಳಿಯುತ್ತದೆ. ಆದರೆ ಮನೆಯ ಮಿತವ್ಯಯದಿಂದಲೇ ಎಲ್ಲವೂ ಸರಿಹೋಗುವುದಿಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಸೌರ ಹಾಗೂ ಪವನ ವಿದ್ಯುತ್ತು, ರೈಲು ಮತ್ತು ಮೆಟ್ರೊ, ಚರಂಡಿಗಳ ಸುಧಾರಣೆ, ಕಾಂಡ್ಲಾ ಗಿಡಗಳ ರಕ್ಷಣೆ ಇವು ಸಮಾಜವೂ ಸರಕಾರವೂ ಕೂಡಿ ಮಾಡಬೇಕಾದ ಕಾರ್ಯಗಳು. ಮುಂಬಯಿ ಮಹಾನಗರ ಪಾಲಿಕೆಯು 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಕ್ರಿಯಾ ಯೋಜನೆಯು, 2050ರ ವೇಳೆಗೆ ನಗರದ ನಿವ್ವಳ ಇಂಗಾಲ ಉತ್ಸರ್ಜನೆಯನ್ನು ಶೂನ್ಯಕ್ಕಿಳಿಸುವ ಗುರಿಯನ್ನು ಹೊಂದಿದೆ. ಇಂದು ಒಂಬತ್ತನೆಯ ತರಗತಿಯಲ್ಲಿರುವ ಮಕ್ಕಳು ಆಗ ನಲವತ್ತರ ಆಸುಪಾಸಿನಲ್ಲಿರುತ್ತಾರೆ. ಆ ಗುರಿ ಈಡೇರಿತೇ ಎಂದು ಪ್ರಶ್ನಿಸುವವರೂ, ಅದನ್ನು ಈಡೇರಿಸಬೇಕಾದವರೂ ಅವರೇ. ಅದಕ್ಕೆ ಬೇಕಾದ ಅರಿವನ್ನು ಅವರ ಮಾತೃಭಾಷೆಯಲ್ಲಿ, ಅವರ ಊರಿನ ಉದಾಹರಣೆಗಳೊಂದಿಗೆ ನೀಡುವುದು ನಮ್ಮೆಲ್ಲರ ಹೊಣೆ.