ಫ್ಲೋರೈಡ್ ವಿವಾದ: ದೊಡ್ಡಉಳ್ಳಾರ್ತಿಯ ಕಡೆಯಿಂದ



ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ಪದ್ಧತಿ 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಆರಂಭವಾಯಿತು. ಮಕ್ಕಳ ಹಲ್ಲು ಹುಳುಕಾಗದಿರಲೆಂಬುದು ಅದರ ಉದ್ದೇಶ. ಅದೇ ದೇಶದ ಯೂಟಾ, ಫ್ಲೋರಿಡಾ ರಾಜ್ಯಗಳು 2025ರಲ್ಲಿ ಅದನ್ನು ನಿಷೇಧಿಸಿದವು. ದೊಡ್ಡಉಳ್ಳಾರ್ತಿಯ ಕಡೆಯಿಂದ ನೋಡಿದರೆ ಈ ವಾದವೇ ವಿಚಿತ್ರವೆನಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಫ್ಲೋರೈಡನ್ನು ಯಾರೂ ಬೆರೆಸಬೇಕಿಲ್ಲ, ಬಂಡೆಯೇ ಬೆರೆಸುತ್ತದೆ.

ಅಮೆರಿಕದಲ್ಲಿ ಬೆರೆಸಲು ಸೂಚಿಸಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಭಾರತೀಯ ಮಾನಕದಂತೆ ಮಿತಿ 1. ಬೇರೆ ಜಲಮೂಲವಿಲ್ಲದಿದ್ದರೆ 1.5. ಈ ಸೀಮೆಯ ಹಲವು ಕೊಳವೆಬಾವಿಗಳು ಅದನ್ನೂ ಮೀರಿವೆ. ಶಿಲೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಷ್ಟೂ ಖನಿಜಗಳಿಂದ ಫ್ಲೋರೈಡ್ ಕರಗುತ್ತದೆ. ನೀರಿನೊಳಗಿನ ಸುಣ್ಣದಂಶ ಕಲ್ಲಾಗಿ ಬೇರ್ಪಟ್ಟಂತೆ ಅದು ಇನ್ನಷ್ಟು ಹೆಚ್ಚುತ್ತದೆ. ಮೊದಲು ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಳ ನಂತರ ಬಾಗದ ಬೆನ್ನು. ಬಿಸಿಲಿನಲ್ಲಿ ದುಡಿಯುವ ಕೂಲಿಕಾರ ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತಾನೆಂದು ಮಾನಕವು ಕೇಳುವುದಿಲ್ಲ! ಕಾಯಿಸಿದರೂ ಫ್ಲೋರೈಡ್ ಹೋಗದು; ನೀರು ಆವಿಯಾಗಿ ಸಾಂದ್ರತೆಯೇ ಏರುತ್ತದೆ.

ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಬೆರೆಸಿ ತಳಕ್ಕಿಳಿದ ಕೆಸರನ್ನು ತೆಗೆಯುತ್ತಾರೆ. ಹಳ್ಳಿಗಳಿಗೆ ಶುದ್ಧ ನೀರಿನ ಘಟಕಗಳೂ ಬಂದಿವೆ. ಆದರೆ ಅವು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಸಾಂದ್ರವಾಗಿರುತ್ತದೆ. ಅದನ್ನು ಚರಂಡಿಗೆ ಬಿಡುವುದೆಂದರೆ ಅದೇ ನೆಲಕ್ಕೆ ಮರಳಿಸಿದಂತೆ. ಕೆರೆಯ ಹೂಳೆತ್ತಿ ಮಳೆನೀರನ್ನು ಇಂಗಿಸಿದರೆ ಅಂತರ್ಜಲ ತಿಳಿಯಾಗಬಹುದು, ನಿಧಾನವಾಗಿ. ತುಂಗಭದ್ರಾ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ತರುವ ಬಹುಗ್ರಾಮ ಯೋಜನೆ ಹುಟ್ಟಿದ್ದು ಇದೇ ಕಾರಣದಿಂದ. ಆ ನೀರು ಹುಟ್ಟುವುದು ಪಶ್ಚಿಮಘಟ್ಟದ ಕಾಡುಗಳಲ್ಲಿ.